ತಲೆ ಎಣಿಸಿದರು, ಹೆಸರು ಕೂಗಲಿಲ್ಲ

ಶಾಲಾ ಪ್ರವಾಸಕ್ಕೆ ಹೋದವರಿಗೆಲ್ಲ ಇದು ನೆನಪಿರುತ್ತೆ. ಬಸ್ ಹೊರಡೋ ಮುಂಚೆ ಮೇಷ್ಟ್ರು ಬೆರಳು ತೋರಿಸ್ತಾ ತಲೆ ಎಣಿಸ್ತಾರೆ, ಲೆಕ್ಕ ಸರಿಯಾದ್ರೆ ‘ರೈಟ್’ ಅಂತಾರೆ. ಇವತ್ತು ನಾನು ಹೇಳ್ತಿರೋದು ಅಂಥದ್ದೇ ಒಂದು ಎಣಿಕೆಯ ಚರಿತ್ರೆ. ಆದರೆ ಅದು ನಡೆದದ್ದು ನಡುಸಮುದ್ರದಲ್ಲಿ.

1998ರ ಜನವರಿ 25. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್. ಪೋರ್ಟ್ ಡಗ್ಲಸ್ ಅನ್ನೋ ಊರಿನಿಂದ 26 ಪ್ರವಾಸಿಗಳನ್ನು ಹತ್ತಿಸಿಕೊಂಡು ಒಂದು ಬೋಟ್ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಹೊರಟಿತು. ಅದರಲ್ಲಿ ಟಾಮ್ ಮತ್ತು ಐಲೀನ್ ಲೋನರ್ಗನ್ ಅನ್ನೋ ಅಮೆರಿಕನ್ ದಂಪತಿ ಇದ್ದರು. ಇಬ್ಬರಿಗೂ ಡೈವಿಂಗ್ ಹೊಸದೇನಲ್ಲ. ಮಧ್ಯಾಹ್ನ ಸೇಂಟ್ ಕ್ರಿಸ್ಪಿನ್ಸ್ ರೀಫ್ ಹತ್ತಿರ ಆ ದಿನದ ಕೊನೆಯ ಡೈವ್‌ಗೆ ಇಳಿದರು. ಅವರು ಮೇಲೆ ಬರೋ ಮುಂಚೆಯೇ ಬೋಟ್ ದಡದ ಕಡೆ ತಿರುಗಿತ್ತು.

ಹಾಗಾದರೆ ಯಾರೂ ಎಣಿಸಲಿಲ್ವಾ? ಎಣಿಸಿದ್ದರು! ಆದರೆ ಎಣಿಕೆಯ ಹೊತ್ತಲ್ಲೇ ಕೆಲವರು ಮತ್ತೆ ಈಜೋಕೆ ನೀರಿಗೆ ಹಾರಿದ್ದರಿಂದ ಲೆಕ್ಕ ಗೊಂದಲವಾಯ್ತು ಅನ್ನೋ ಮಾತು ಆಮೇಲೆ ಕೇಳಿಬಂತು. ತಲೆಗಳನ್ನ ಕೂಡಿಸಿದರು, ಹೆಸರು ಹಿಡಿದು ಯಾರನ್ನೂ ಕೂಗಲಿಲ್ಲ.

ನನ್ನನ್ನು ಹೆಚ್ಚು ಕಾಡೋದು ಮುಂದಿನ ಸಂಗತಿ. ಅವರ ಬ್ಯಾಗ್ ಬೋಟ್‌ನಲ್ಲೇ ಉಳಿದಿತ್ತು. ಅದನ್ನ ತೆರೆದು ನೋಡಿ, ಇಬ್ಬರು ವಾಪಸ್ ಬಂದಿಲ್ಲ ಅಂತ ಅರ್ಥ ಮಾಡಿಕೊಳ್ಳೋ ಹೊತ್ತಿಗೆ ಎರಡು ದಿನ ಕಳೆದಿತ್ತು. ವಿಮಾನ, ಹಡಗು ಎಲ್ಲ ಹುಡುಕಿದವು. ಅವರು ಸಿಗಲಿಲ್ಲ. ತಿಂಗಳುಗಳ ನಂತರ, ನೀರಿನೊಳಗೆ ಬರೆಯೋಕೆ ಬಳಸೋ ಒಂದು ಸ್ಲೇಟ್ ಸಿಕ್ಕಿತು. ಅದರಲ್ಲಿ ಜನವರಿ 26ರ ಬೆಳಗಿನ ಹೊತ್ತು ಹಾಕಿ, ಕಾಪಾಡಿ ಅಂತ ಬರೆದಿತ್ತು. ಅಂದರೆ ಒಂದು ಇಡೀ ರಾತ್ರಿ ಅವರು ಕಾದಿದ್ದರು. ಆ ರಾತ್ರಿ ದಡದಲ್ಲಿ ಒಬ್ಬರೂ ಅವರನ್ನ ಹುಡುಕ್ತಾ ಇರಲಿಲ್ಲ.

ಬೋಟ್‌ನ ನಾಯಕನ ಮೇಲೆ ನರಹತ್ಯೆಯ ಮೊಕದ್ದಮೆ ನಡೆದು, ನಿರ್ದೋಷಿ ಅಂತ ತೀರ್ಪು ಬಂತು. ಕಂಪನಿಗೆ ದಂಡ ಬಿತ್ತು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ತಲೆ ಎಣಿಕೆ ಮತ್ತು ಡೈವ್ ದಾಖಲೆಯ ನಿಯಮಗಳು ಬಿಗಿಯಾದವು. 2003ರಲ್ಲಿ ಬಂದ ‘ಓಪನ್ ವಾಟರ್’ ಸಿನಿಮಾಕ್ಕೆ ಸ್ಫೂರ್ತಿ ಇದೇ ಘಟನೆ. ಸಿನಿಮಾ ನೋಡಿದವರಿಗೆ ನೆನಪಲ್ಲಿ ಉಳಿಯೋದು ಶಾರ್ಕ್. ನಿಜವಾದ ವಿಲನ್ ಮಾತ್ರ ಸರಿಯಾಗಿದೆ ಅಂದುಕೊಂಡ ಒಂದು ಲೆಕ್ಕ.

ಇದು ದೂರದ ಕಥೆ ಅನ್ನಿಸಬಹುದು. ಆದರೆ ಇವತ್ತು ನಮ್ಮ ಹುಡುಗ ಹುಡುಗಿಯರೂ ಅಂಡಮಾನ್‌ನಲ್ಲಿ, ಮುರುಡೇಶ್ವರದ ಆಚೆಯ ನೇತ್ರಾಣಿಯಲ್ಲಿ ಡೈವ್ ಮಾಡ್ತಿದ್ದಾರೆ. ಅವರಿಗೆ ನಾನು ಹೇಳೋದು ಇಷ್ಟು. ಅಲೆಗಳ ನಡುವೆ ಒಂದು ತಲೆ ತೆಂಗಿನಕಾಯಿಯಷ್ಟೂ ಕಾಣಲ್ಲ. ಹಾಗಾಗಿ ತರಬೇತಿ ಪಡೆದು ಸ್ವತಂತ್ರವಾಗಿ ಇಳಿಯೋರು, ಗಾಳಿ ತುಂಬಿದರೆ ಉದ್ದಕ್ಕೆ ನಿಲ್ಲೋ ಕಿತ್ತಳೆ ಬಣ್ಣದ ಕೊಳವೆ, ಒಂದು ಸೀಟಿ, ಚಿಕ್ಕ ಕನ್ನಡಿ, ಒಂದು ಟಾರ್ಚ್ ಜೊತೆಗಿಟ್ಟುಕೊಳ್ಳಿ. ಸೀಟಿಗೂ ಕನ್ನಡಿಗೂ ಬ್ಯಾಟರಿ ಬೇಡ. ಮೇಲೆ ಬಂದಾಗ ಬೋಟ್ ಕಾಣದಿದ್ದರೆ ಜಾಕೆಟ್‌ಗೆ ಗಾಳಿ ತುಂಬಿ, ಜೊತೆಗಾರರ ಕೈ ಬಿಡಬೇಡಿ. ಮೊದಲ ಸಲ ಹೋಗೋರು ಬೋಟ್ ಹತ್ತೋವಾಗಲೇ ಒಂದು ಪ್ರಶ್ನೆ ಕೇಳಿ: ‘ವಾಪಸ್ ಬರುವಾಗ ಹೆಸರು ಕೂಗ್ತೀರಾ?’

ನಾಚಿಕೆ ಪಡಬೇಡಿ. ನಿಮ್ಮ ಪಕ್ಕ ಕೂತವರ ಹೆಸರನ್ನೂ ಕೇಳಿಟ್ಟುಕೊಳ್ಳಿ. ಬೋಟ್ ಹೊರಡೋವಾಗ ಆ ಸೀಟು ಖಾಲಿ ಇದ್ದರೆ, ಕೂಗಬೇಕಾದವರು ನೀವೇ.