ಕಾರೊಳಗಿನ ಸದ್ದು, ಭಾಗ 1: ಹೊರಗಿಂದ ಬಂದ ಹಾಡು

ಕಾರಿಗೆ ಬೇರೆ ಸ್ಪೀಕರ್, ಆಂಪ್ ಹಾಕಿಸ್ತೀನಿ ಅಂದ್ರೆ ಮನೇಲಿ “ಕಂಪನಿಯವ್ರು ಕೊಟ್ಟಿದ್ದು ಸಾಲದಾ?” ಅಂತಾರಲ್ವಾ? ಅವರಿಗೆ ಈ ಕಥೆ ಹೇಳಿ.

1930, ಅಮೆರಿಕದ ಶಿಕಾಗೊ. ಹಿಂದಿನ ವರ್ಷವಷ್ಟೇ ಷೇರುಪೇಟೆ ಕುಸಿದಿತ್ತು. ಪಾಲ್ ಗ್ಯಾಲ್ವಿನ್ ಅವರ ಪುಟ್ಟ ಕಂಪನಿ ಕಷ್ಟದಲ್ಲಿತ್ತು. ಆಗ ಹೆಚ್ಚಿನ ಕಾರುಗಳು ರೇಡಿಯೊ ಇಲ್ಲದೇ ಬರ್ತಿದ್ವು. ಹಾಕಿಸಿದ್ರೂ ಎಂಜಿನ್ ಕಿಡಿಯ ಗೊರಗೊರ ಸದ್ದು!

ಗ್ಯಾಲ್ವಿನ್ ತಂಡ ಆ ಸದ್ದು ತಗ್ಗಿಸಿ, ಅವರದೇ ಕಾರಿಗೆ ರೇಡಿಯೊ ಕೂರಿಸಿತು. ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೊ ತಯಾರಕರ ಸಮ್ಮೇಳನ. ಒಳಗೆ ಮಳಿಗೆ ಇಲ್ಲ. ಹೊರಗೇ ಕಾರು ನಿಲ್ಲಿಸಿ ವಾಲ್ಯೂಮ್ ಏರಿಸಿದ್ರು. ಜನ ಸೇರಿದ್ರು, ಆರ್ಡರ್ ಬಂತು.

ಆ ಸೆಟ್ಟಿನ ಹೆಸರು ಮೋಟರೋಲ. 1947ರಲ್ಲಿ ಕಂಪನಿಗೂ ಅದೇ ಹೆಸರಾಯ್ತು. ಹೌದು, ನಿಮ್ಮಲ್ಲಿ ಕೆಲವರ ಫೋನಿನ ಮೇಲಿರೋ ಹೆಸರೇ!

ಹೊರಗಿಂದ ಹಾಕಿಸೋದು ಹೊಸ ಶೋಕಿಯಲ್ಲ, ನೋಡಿ.