ಶತ್ರುವಿನ ನಾಡಿನಲ್ಲಿ ಒಬ್ಬ ಗೋಲ್‌ಕೀಪರ್



ಶಾಲೆಯ ಮೈದಾನದಲ್ಲಿ ಫುಟ್‌ಬಾಲ್ ಆಡುವಾಗ ಗೋಲ್ ಕಾಯಲು ನೀವು ಯಾರನ್ನು ನಿಲ್ಲಿಸುತ್ತೀರಿ? ಓಡಲಾರದವನನ್ನು, ಇಲ್ಲವೇ ಎಲ್ಲರಿಗಿಂತ ಚಿಕ್ಕವನನ್ನು. ಬಿಡುವಿನ ವೇಳೆಯಲ್ಲಿ ಕಿಟಕಿಯಿಂದ ನಾನು ದಿನವೂ ನೋಡುತ್ತೇನೆ, ಅದು ಯಾರಿಗೂ ಬೇಡವಾದ ಜಾಗ. ನಾನಿಂದು ಪರಿಚಯಿಸುವ ವ್ಯಕ್ತಿಯೂ ಆಟದ ನಡುವೆ ಪೆಟ್ಟು ಬಿದ್ದು, ಓಡಲಾಗದೆ, ಗೋಲ್ ಕಂಬಗಳ ಮಧ್ಯೆ ಹೋಗಿ ನಿಂತವನು. ಅದು ಶಾಲೆಯ ಮೈದಾನವಲ್ಲ, ಇಂಗ್ಲೆಂಡಿನ ಯುದ್ಧಕೈದಿಗಳ ಶಿಬಿರ. ಆತನ ಹೆಸರು ಬರ್ಟ್ ಟ್ರೌಟ್‌ಮನ್.

ಟ್ರೌಟ್‌ಮನ್ ಹುಟ್ಟಿದ್ದು 1923ರಲ್ಲಿ, ಜರ್ಮನಿಯ ಬ್ರೆಮೆನ್ ನಗರದಲ್ಲಿ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಈ ಹುಡುಗ ನಾಜಿಗಳ ಬಾಲಕರ ಸಂಘಟನೆಗೆ ಸೇರಿದ. ಅಲ್ಲಿ ಆಟ, ಶಿಬಿರ, ಸಮವಸ್ತ್ರ ಎಲ್ಲವೂ ಇದ್ದವು, ಅವುಗಳ ಜೊತೆಯಲ್ಲೇ ಯಹೂದಿ ದ್ವೇಷದ ಪಾಠವೂ ನಡೆಯುತ್ತಿತ್ತು. 1941ರಲ್ಲಿ ತಾನಾಗಿಯೇ ಸೈನ್ಯಕ್ಕೆ ಸೇರಿ, ಪ್ಯಾರಾಶೂಟ್ ಪಡೆಯ ಸೈನಿಕನಾಗಿ ರಷ್ಯಾದ ರಣರಂಗದಲ್ಲಿ ಹೋರಾಡಿ ಐರನ್ ಕ್ರಾಸ್ ಪದಕ ಪಡೆದ. ಅಲ್ಲಿನ ಕಾಡೊಂದರಲ್ಲಿ ನಾಜಿ ಪಡೆಗಳು ನಾಗರಿಕರನ್ನು ಗುಂಡಿಕ್ಕಿ ಕೊಲ್ಲುವುದನ್ನು ಮರೆಯಲ್ಲಿ ನಿಂತು ಕಂಡಿದ್ದಾಗಿ ಮುಂದೆ ಇಳಿವಯಸ್ಸಿನಲ್ಲಿ ಹೇಳಿಕೊಂಡ. ಆದ್ದರಿಂದ ಈತನನ್ನು ಕಳಂಕವಿಲ್ಲದ ಮಹಾಪುರುಷ ಎಂದು ನಿಮ್ಮ ಮುಂದಿಡಲು ನಾನು ಹೊರಟಿಲ್ಲ. ಕಲಿಸಿದ್ದನ್ನು ಕಲಿತು, ಹೇಳಿದ್ದನ್ನು ಮಾಡಿದ ಲಕ್ಷಾಂತರ ತರುಣರಲ್ಲಿ ಈತನೂ ಒಬ್ಬ.

1945ರಲ್ಲಿ ಬ್ರಿಟಿಷರ ಕೈಗೆ ಸೆರೆಸಿಕ್ಕ. ಶಿಬಿರದಲ್ಲಿ ಕೈದಿಗಳಿಗೆ ಬೆಲ್ಸೆನ್ ಯಾತನಾ ಶಿಬಿರದ ಚಲನಚಿತ್ರ ತೋರಿಸಲಾಯಿತು. ಕೆಲಕಾಲ ಒಬ್ಬ ಯಹೂದಿ ಸಾರ್ಜೆಂಟ್‌ಗೆ ವಾಹನ ಚಾಲಕನಾಗಿಯೂ ದುಡಿದ. ಬಾಲ್ಯದಲ್ಲಿ ಕಲಿತ ಪಾಠ ಕದಲತೊಡಗಿದ್ದು ಆಗಲೇ. 1948ರಲ್ಲಿ ಬಿಡುಗಡೆಯಾದಾಗ ಊರಿಗೆ ಮರಳದೆ ಇಂಗ್ಲೆಂಡಿನಲ್ಲೇ ಉಳಿದು, ಹೊಲದ ಕೆಲಸ ಮಾಡುತ್ತಾ ಸೇಂಟ್ ಹೆಲೆನ್ಸ್ ಎಂಬ ಸಣ್ಣ ಊರಿನ ತಂಡಕ್ಕೆ ಗೋಲ್ ಕಾಯತೊಡಗಿದ. 1949ರ ಅಕ್ಟೋಬರ್‌ನಲ್ಲಿ ದೊಡ್ಡ ಕ್ಲಬ್ಬಾದ ಮ್ಯಾಂಚೆಸ್ಟರ್ ಸಿಟಿ ಈತನನ್ನು ಸೇರಿಸಿಕೊಂಡಿತು.

ಆಗ ಎದ್ದ ಕೋಲಾಹಲವನ್ನು ಊಹಿಸಿಕೊಳ್ಳಿ. ಯುದ್ಧ ಮುಗಿದು ನಾಲ್ಕೇ ವರ್ಷ. 1940ರ ಕ್ರಿಸ್‌ಮಸ್ ಹೊತ್ತಿಗೆ ಜರ್ಮನ್ ವಿಮಾನಗಳು ಮ್ಯಾಂಚೆಸ್ಟರ್ ನಗರದ ಮೇಲೆ ಬಾಂಬ್ ಸುರಿದಿದ್ದವು. ಮಗನನ್ನೋ ಅಣ್ಣನನ್ನೋ ಕಳೆದುಕೊಂಡ ಮನೆಗಳು ಬೀದಿಬೀದಿಯಲ್ಲಿದ್ದವು. ಮೇಲಾಗಿ ಲಂಡನ್ ಬಿಟ್ಟರೆ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಯಹೂದಿಗಳಿದ್ದ ನಗರ ಅದು. ಸುಮಾರು ಇಪ್ಪತ್ತು ಸಾವಿರ ಜನ ಪ್ರತಿಭಟನೆಗೆ ಬೀದಿಗಿಳಿದರೆಂದು ಹೇಳುತ್ತಾರೆ. ಪಂದ್ಯ ನೋಡಲು ಬರುವುದಿಲ್ಲವೆಂದು ಕ್ಲಬ್ಬಿಗೆ ಪತ್ರಗಳು ಬಂದವು. ತಂಡದ ನಾಯಕ ಎರಿಕ್ ವೆಸ್ಟ್‌ವುಡ್ ನಾರ್ಮಂಡಿಯಲ್ಲಿ ಜರ್ಮನರ ವಿರುದ್ಧ ಕಾದಾಡಿದವರು. ಅವರೇ ಮುಂದೆ ಬಂದು ಹೊಸಬನನ್ನು ಸ್ವಾಗತಿಸಿ, ಈ ಕೋಣೆಯೊಳಗೆ ಯುದ್ಧವಿಲ್ಲ ಎಂದರು.

ಆದರೆ ಕೋಣೆಯ ಹೊರಗೆ? ಹೊರಗಿನ ಗಾಳಿಯನ್ನು ಬದಲಿಸಿದ್ದು ಒಂದು ಪತ್ರ. ಅಲೆಕ್ಸಾಂಡರ್ ಆಲ್ಟ್‌ಮನ್ ಅವರು ಮ್ಯಾಂಚೆಸ್ಟರ್‌ನ ಯಹೂದಿ ಧರ್ಮಗುರು, ದೊಡ್ಡ ವಿದ್ವಾಂಸರು. ನಾಜಿಗಳ ಕಾಟ ತಾಳಲಾರದೆ 1938ರಲ್ಲಿ ಬರ್ಲಿನ್ ಬಿಟ್ಟು ಬಂದವರು, ತಂದೆತಾಯಿಯರನ್ನು ನಾಜಿಗಳ ಕ್ರೌರ್ಯಕ್ಕೆ ಬಲಿಕೊಟ್ಟವರು. ಟ್ರೌಟ್‌ಮನ್‌ನನ್ನು ದ್ವೇಷಿಸುವ ಹಕ್ಕು ಆ ನಗರದಲ್ಲಿ ಯಾರಿಗಾದರೂ ಇದ್ದಿದ್ದರೆ ಅದು ಅವರಿಗೇ ಇತ್ತು. ಅವರು ಸ್ಥಳೀಯ ಪತ್ರಿಕೆಗೆ ಬರೆದ ಪತ್ರದ ಸಾರಾಂಶ ಇಷ್ಟು: ಜರ್ಮನರು ನಮಗೆ ಮಾಡಿದ್ದು ಘೋರ ಅಪರಾಧ ನಿಜ, ಆದರೆ ಆ ಅಪರಾಧಗಳಲ್ಲಿ ಕೈಯಿಲ್ಲದ ಒಬ್ಬ ವ್ಯಕ್ತಿಯನ್ನು ಕೇವಲ ಜರ್ಮನ್ ಎಂಬ ಕಾರಣಕ್ಕೆ ಶಿಕ್ಷಿಸಲಾರೆವು, ಆತ ಸಭ್ಯನಾಗಿದ್ದರೆ ಆಡಲಿ.

ಒಂದು ಜನಾಂಗದ ಲೆಕ್ಕವನ್ನು ಒಬ್ಬನ ತಲೆಗೆ ಕಟ್ಟಬಾರದು ಎಂಬ ಮಾತನ್ನು ನೊಂದವರೇ ಆಡಿದಾಗ ಅದರ ತೂಕವೇ ಬೇರೆ. ಪತ್ರ ಪ್ರಕಟವಾದ ಮೇಲೆ ಪ್ರತಿಭಟನೆಯ ಕಾವು ಇಳಿಯಿತು. ಆ ಪತ್ರವೇ ತನಗೆ ದಾರಿ ತೆರೆಯಿತೆಂದು ಟ್ರೌಟ್‌ಮನ್ ಕೊನೆಯವರೆಗೂ ಸ್ಮರಿಸುತ್ತಿದ್ದ.

1950ರ ಜನವರಿಯಲ್ಲಿ ಫುಲ್ಹಾಮ್ ತಂಡದ ವಿರುದ್ಧ ಲಂಡನ್ನಿನಲ್ಲಿ ಪಂದ್ಯ. ಬಾಂಬ್ ದಾಳಿಯಲ್ಲಿ ಬೆಂದ ಊರು, ಪ್ರೇಕ್ಷಕರ ಬೈಗುಳಕ್ಕೆ ಮಿತಿಯಿರಲಿಲ್ಲ. ಒಂದರ ಹಿಂದೊಂದು ಬಂದ ಚೆಂಡುಗಳನ್ನು ಆತ ತಡೆಯುತ್ತಾ ಹೋದ. ಸಿಟಿ ಸೋತದ್ದು ಒಂದೇ ಗೋಲಿನಿಂದ. ಪಂದ್ಯ ಮುಗಿದಾಗ ಬೈದ ಜನರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎರಡೂ ತಂಡದ ಆಟಗಾರರು ಸಾಲಾಗಿ ನಿಂತು ಆತನಿಗೆ ದಾರಿ ಬಿಟ್ಟರು.

ಬಹಳಷ್ಟು ಜನರಿಗೆ ಟ್ರೌಟ್‌ಮನ್ ಗೊತ್ತಿರುವುದು ಮುರಿದ ಕತ್ತಿನಿಂದ. 1956ರ ಮೇ 5ರಂದು ಎಫ್.ಎ. ಕಪ್ ಅಂತಿಮ ಪಂದ್ಯ, ಎದುರಾಳಿ ಬರ್ಮಿಂಗ್‌ಹ್ಯಾಮ್ ಸಿಟಿ. ಆಟ ಮುಗಿಯಲು 17 ನಿಮಿಷ ಇರುವಾಗ ಚೆಂಡಿಗೆ ಹಾರಿದ ಆತನ ಕತ್ತಿಗೆ ಎದುರಾಳಿಯ ಮೊಣಕಾಲು ಬಡಿಯಿತು. ಬದಲಿ ಆಟಗಾರರಿಗೆ ಆಗ ಅವಕಾಶವೇ ಇರಲಿಲ್ಲ. ಕಣ್ಣು ಕತ್ತಲಿಟ್ಟರೂ ನಿಂತು ಆಡಿ, ಮತ್ತೆ ಚೆಂಡು ತಡೆದ. ತಂಡ 3-1ರಿಂದ ಗೆದ್ದಿತು. ಕತ್ತಿನ ಮೂಳೆ ಮುರಿದಿದೆ ಎಂದು ಎಕ್ಸ್‌ರೇಯಲ್ಲಿ ತಿಳಿದದ್ದು ಕೆಲವು ದಿನಗಳ ನಂತರ. ಸಾಹಸವೇನೋ ಹೌದು, ಆದರೆ ಆ ಸ್ಥಿತಿಯಲ್ಲಿ ನೀವು ಯಾರೂ ಆಡಕೂಡದು, ಆಡಿದರೆ ಮೊದಲು ಬೈಯುವವನು ನಾನೇ! ಆ ವರ್ಷ ಆತ ಇಂಗ್ಲೆಂಡಿನ ವರ್ಷದ ಫುಟ್‌ಬಾಲ್ ಆಟಗಾರನಾಗಿದ್ದ. ಆ ಗೌರವ ಪಡೆದ ಮೊದಲ ಗೋಲ್‌ಕೀಪರ್ ಕೂಡ ಅವನೇ. ಪಂದ್ಯ ಮುಗಿದ ಕೆಲವೇ ವಾರಗಳಲ್ಲಿ ಐದು ವರ್ಷದ ಮಗ ಜಾನ್ ಕಾರಿಗೆ ಸಿಕ್ಕಿ ತೀರಿಕೊಂಡ. ಆ ನೋವಿನ ನಡುವೆಯೂ ಡಿಸೆಂಬರ್ ಹೊತ್ತಿಗೆ ಆತ ಮೈದಾನಕ್ಕೆ ಮರಳಿದ್ದ.

ಹೊರದೇಶದಲ್ಲಿ ಆಡುವವರನ್ನು ಜರ್ಮನ್ ತರಬೇತುದಾರರು ಆರಿಸುತ್ತಿರಲಿಲ್ಲವಾದ್ದರಿಂದ ಸ್ವಂತ ದೇಶಕ್ಕಾಗಿ ಒಂದು ಪಂದ್ಯವನ್ನೂ ಆತ ಆಡಲಿಲ್ಲ. ಮುಂದೆ ಬರ್ಮಾ, ಪಾಕಿಸ್ತಾನ, ಯೆಮೆನ್ ಮುಂತಾದ ದೇಶಗಳಲ್ಲಿ ಫುಟ್‌ಬಾಲ್ ಕಲಿಸಿದ. 2004ರಲ್ಲಿ ಬ್ರಿಟನ್ ಓ.ಬಿ.ಇ. ಗೌರವ ನೀಡಿತು. 2013ರಲ್ಲಿ ಸ್ಪೇನಿನಲ್ಲಿ ನಿಧನ ಹೊಂದಿದ.

ಸಿಟಿಗಾಗಿ ಆತ ಆಡಿದ್ದು 545 ಪಂದ್ಯಗಳು. 1964ರ ಏಪ್ರಿಲ್‌ನಲ್ಲಿ ನಡೆದ ಬೀಳ್ಕೊಡುಗೆ ಪಂದ್ಯಕ್ಕೆ, ಹದಿನೈದು ವರ್ಷಗಳ ಹಿಂದೆ ಆತ ಬೇಡವೆಂದು ಬೀದಿಗಿಳಿದಿದ್ದ ಅದೇ ನಗರದ ಜನ ಸುಮಾರು 47,000 ಸಂಖ್ಯೆಯಲ್ಲಿ ಸೇರಿದ್ದರು. ಆಟ ಮುಗಿದೊಡನೆ ಮೈದಾನಕ್ಕೆ ನುಗ್ಗಿ, ಆತ ಕಾಯುತ್ತಿದ್ದ ಗೋಲ್ ಕಂಬಗಳನ್ನೇ ಕಿತ್ತುಹಾಕಿದರು.