ತುಂಬೆ: ಬದುವಿನಲ್ಲಿ ಔಷಧಿ, ಹೊಲದಲ್ಲಿ ಕಳೆ

ಅರಸೀಕೆರೆಯ ರಾಗಿ ಹೊಲ, ತೆಂಗಿನ ತೋಟಗಳಲ್ಲಿಯೂ ಬೇಲೂರು, ಹಳೇಬೀಡು ಸುತ್ತಲಿನ ಬದು, ಬೀಳು ಮತ್ತು ರಸ್ತೆಬದಿಗಳಲ್ಲಿಯೂ ಮಳೆಗಾಲದ ನಂತರ ಬಿಳಿ ಹೂ ಬಿಡುವ ತುಂಬೆಯನ್ನು ರೈತ ಬಾಂಧವರೆಲ್ಲರೂ ಬಲ್ಲರು. ಇದು ತುಳಸಿ, ಪುದೀನಗಳ ಲೇಮಿಯೇಸಿ ಕುಟುಂಬಕ್ಕೆ ಸೇರಿದ ವಾರ್ಷಿಕ ಮೂಲಿಕೆ. ಸಸ್ಯಶಾಸ್ತ್ರೀಯ ಹೆಸರು ಲ್ಯೂಕಾಸ್ ಆಸ್ಪೆರಾ.

ಗುರುತಿಸುವ ಬಗೆ
ಗಿಡವು ಸಾಮಾನ್ಯವಾಗಿ ಒಂದರಿಂದ ಎರಡು ಅಡಿ ಬೆಳೆಯುತ್ತದೆ. ಕಾಂಡ ಚೌಕಾಕಾರ, ಎಲೆಗಳು ಎದುರು ಬದುರಾಗಿದ್ದು ಒರಟಾಗಿರುತ್ತವೆ. ಗೆಣ್ಣುಗಳಲ್ಲಿ ದುಂಡನೆಯ ಗೊಂಚಲುಗಳಾಗಿ ಬಿಳಿ ಹೂಗಳಿರುತ್ತವೆ. ಇದಕ್ಕಿಂತ ಎತ್ತರವಾಗಿ ಬೆಳೆದು ನೇರಳೆ ಛಾಯೆಯ ಹೂ ಬಿಡುವ ಕರಿತುಂಬೆಯು ಬೇರೆ ಸಸ್ಯ, ಎರಡನ್ನೂ ಬೆರೆಸಬಾರದು.

ಉಪಯೋಗ
ಶಿವಪೂಜೆಗೆ ತುಂಬೆ ಹೂವು ಶ್ರೇಷ್ಠವೆಂಬ ನಂಬಿಕೆಯಿದೆ. ನೆಗಡಿಗೆ ಎಲೆ ಹಾಕಿದ ಬಿಸಿನೀರಿನ ಹಬೆ, ಕಜ್ಜಿ ತುರಿಕೆಗೆ ಎಲೆಯ ರಸ ಮನೆಮದ್ದಾಗಿ ಬಳಕೆಯಲ್ಲಿವೆ. ಹೂವಿನ ಮಕರಂದಕ್ಕೆ ಜೇನ್ನೊಣಗಳೂ ಚಿಟ್ಟೆಗಳೂ ಬರುತ್ತವೆ.

ನಿರ್ವಹಣೆ
ರಾಗಿ ಸಾಲುಗಳಲ್ಲಿ ತುಂಬೆಯು ತೇವಾಂಶ ಹಾಗೂ ಪೋಷಕಾಂಶಗಳಿಗಾಗಿ ಬೆಳೆಯೊಂದಿಗೆ ಪೈಪೋಟಿ ನಡೆಸುತ್ತದೆ. ಬೀಜದಿಂದಲೇ ಹರಡುವುದರಿಂದ ಹೂ ಬಿಡುವ ಮುನ್ನವೇ ಎಡೆಕುಂಟೆ ಹೊಡೆದು, ಉಳಿದವನ್ನು ಕೈಯಿಂದ ಕೀಳಬೇಕು. ತೆಂಗಿನ ತೋಟದಲ್ಲಿ ಬೀಜ ಕಟ್ಟುವ ಮೊದಲು ಕತ್ತರಿಸಿ ಪಾತಿಗೆ ಹೊದಿಕೆಯಾಗಿ ಹಾಕಬಹುದು. ಬದುವಿನ ಗಿಡಗಳನ್ನು ಪೂರ್ಣ ನಾಶಮಾಡುವ ಅಗತ್ಯವಿಲ್ಲ.

ಕೊಯ್ಲು ಮತ್ತು ಸಂಗ್ರಹಣೆ
2,4-ಡಿ ಮುಂತಾದ ಕಳೆನಾಶಕ ಅಥವಾ ಕೀಟನಾಶಕ ಸಿಂಪಡಿಸಿದ ತಾಕಿನಿಂದಲೂ ಅದರ ಪಕ್ಕದ ಬದುವಿನಿಂದಲೂ ಔಷಧಿಗಾಗಿ ತುಂಬೆ ಕೀಳಬೇಡಿ. ವಾಹನ ದಟ್ಟಣೆಯ ರಸ್ತೆಬದಿಯ ಗಿಡವೂ ಬೇಡ. ಇಬ್ಬನಿ ಆರಿದ ಮೇಲೆ, ಹೂ ಬಿಟ್ಟ ಗಿಡಗಳನ್ನು ಕೊಯ್ದು, ಬೀಜ ಬಿದ್ದು ಮುಂದಿನ ಮಳೆಗೆ ಮೊಳೆಯಲೆಂದು ಕೆಲವನ್ನು ಉಳಿಸಿ. ಮಣ್ಣು ಕೊಡವಿ, ನೆರಳಿನಲ್ಲಿ ತೆಳುವಾಗಿ ಹರಡಿ, ಎಲೆ ಮುರಿಯುವಷ್ಟು ಗರಿಗರಿಯಾಗುವವರೆಗೆ ಒಣಗಿಸಿ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಮಾರಾಟದ ಉದ್ದೇಶವಿದ್ದಲ್ಲಿ ಖರೀದಿದಾರರನ್ನು ಮೊದಲು ನಿಶ್ಚಯಿಸಿಕೊಂಡು ಕೊಯ್ಲು ಮಾಡಿ.

ಎಚ್ಚರಿಕೆ
ಹಾವು ಕಚ್ಚಿದಾಗ ತುಂಬೆಯ ರಸ ಕುಡಿಸುವ, ಗಾಯಕ್ಕೆ ಹಚ್ಚುವ ರೂಢಿ ಹಳ್ಳಿಗಳಲ್ಲಿ ಇಂದಿಗೂ ಇದೆ. ಇದನ್ನು ನಂಬಿ ಕಾಯುವುದು ಪ್ರಾಣಕ್ಕೆ ಅಪಾಯ. ನಾಗರಹಾವು, ಕೊಳಕುಮಂಡಲದ ವಿಷಕ್ಕೆ ಪ್ರತಿವಿಷ ಚುಚ್ಚುಮದ್ದೇ ಚಿಕಿತ್ಸೆ. ಗಾಯವನ್ನು ಕೊಯ್ಯದೆ, ಹೀರದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಅಂಗ ಅಲುಗಾಡದಂತೆ ನೋಡಿಕೊಂಡು 108 ಆಂಬ್ಯುಲೆನ್ಸ್ ಕರೆಯಿರಿ ಇಲ್ಲವೇ ತಡವಿಲ್ಲದೆ ಆಸ್ಪತ್ರೆಗೆ ಸಾಗಿಸಿ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ವಿಸ್ತರಣಾ ಕಾರ್ಯಕರ್ತರು ಬಿತ್ತನೆ ಹಾಗೂ ಕೊಯ್ಲಿನ ಕಾಲದ ಗ್ರಾಮಸಭೆಗಳಲ್ಲಿ ಈ ವಿಷಯವನ್ನು ತಪ್ಪದೆ ತಿಳಿಸಬೇಕು.